ಫ್ಯಾನಿನ ಗಾಳಿಯಲ್ಲಿ ಹಚ್ಚಿದ ದೀಪ

ಕರ್ಪೂರದ ಹೊಗೆಗೆ ಬಿಸಿಯಾದ ಮಷಿನ್ನಿನ ವಾಸನೆ ಬೆರೆತರೆ ನನಗೆ ದೇವರು ನೆನಪಾಗುವುದಿಲ್ಲ, ಒಬ್ಬ ಇಂಜಿನಿಯರ್ ನೆನಪಾಗುತ್ತಾರೆ. ಮೊನ್ನೆ ಅಮಾವಾಸ್ಯೆಯ ದಿನ ಶಹಾಪುರದ ಬಸ್‌ಸ್ಟ್ಯಾಂಡ್ ಹತ್ತಿರದ ಜೆರಾಕ್ಸ್ ಅಂಗಡಿಯಲ್ಲಿ ನಿಂತಿದ್ದೆ. ಅಂಗಡಿಯವನು ಮಷಿನ್ನಿಗೆ ವಿಭೂತಿ ಎಳೆದು, ಹೂವೇರಿಸಿ, ತಟ್ಟೆಯಲ್ಲಿ ಕರ್ಪೂರವಿಟ್ಟ. "ಒಂದ್ ಮಿನಿಟ್ ತಡೀರಿ ಅಮ್ಮಾರ, ಪೂಜಾ ಮುಗಸ್ತೀನಿ" ಎಂದವನೇ ಮಷಿನ್ನಿನ ಹಿಂದಿದ್ದ ಫ್ಯಾನಿನ ಸ್ವಿಚ್ಚಿಗೆ ಕೈ ಚಾಚಿದ.

"ಫ್ಯಾನ್ ಆಫ್ ಮಾಡಬ್ಯಾಡಪ್ಪ!"

ನನ್ನ ದನಿಗೆ ನಾನೇ ಬೆಚ್ಚಿದೆ. ಅವನು ಕೈ ಹಾಗೇ ಹಿಡಿದು ನನ್ನ ಮುಖ ನೋಡಿದ. ಏನೆಂದು ಹೇಳಲಿ ಅವನಿಗೆ...

ಯಾದಗಿರಿಯ ಹೊರಗೆ, ರಾಮಸಮುದ್ರದ ಕಡೆಯ ಬಯಲಿನಲ್ಲಿ, ಆಗ ಒಂದು ಕಾರ್ಖಾನೆ ಇತ್ತು. ಈಗ ಅದರ ಗೇಟೂ ಉಳಿದಿಲ್ಲ. ಊರ ಕರೆಂಟನ್ನು ನೆಚ್ಚಿಕೊಳ್ಳಲಾರದೆ ಅದು ಕರೆಂಟ್ ಹುಟ್ಟಿಸಲು ತನ್ನದೇ ಒಂದು ಗ್ಯಾಸ್ ಟರ್ಬೈನ್ ಇಟ್ಟುಕೊಂಡಿತ್ತು. ನೋಡಲು ಬಂದ ಹಳ್ಳಿಯವರು "ಗ್ಯಾಸ್ ಅಂತೀರಿ, ಸಿಲಿಂಡರ್ ಎಲ್ಲಿಟ್ಟೀರಿ?" ಎಂದು ಕೇಳಿಯೇ ಕೇಳುತ್ತಿದ್ದರು. ನಾನು ಅಲ್ಲಿ ಸ್ಟೆನೋ. ಗುಲಬರ್ಗಾದ ಕಾನ್ವೆಂಟಿನಲ್ಲಿ ಓದಿದವಳು ಎಂಬುದೇ ನನ್ನ ಮುಖ್ಯ ಕ್ವಾಲಿಫಿಕೇಷನ್. ಸ್ಪೆಲ್ಲಿಂಗ್ ತಪ್ಪದೆ ರಿಪೋರ್ಟ್ ಟೈಪ್ ಮಾಡುತ್ತಿದ್ದೆ. ಅದರ ಅರ್ಥ, ಆನೆಸ್ಟ್ಲಿ, ಅರ್ಧವೂ ತಿಳಿಯುತ್ತಿರಲಿಲ್ಲ.

ತಿಳಿಸಿಕೊಟ್ಟವರು ಇನ್‌ಸ್ಟ್ರುಮೆಂಟ್ ವಿಭಾಗದ ಮೇಡಂ. ಸುರಪುರದವರು. ಕಾರ್ಖಾನೆಯಲ್ಲಿ ಎಲ್ಲರೂ ಅವರನ್ನು ಕರೆಯುತ್ತಿದ್ದುದು, ಶಾಲೆಯ ಟೀಚರನ್ನು ಕರೆಯುವ ಹಾಗೆ, 'ಅಕ್ಕಾರ' ಎಂದೇ. ಹಣೆಯ ತುಂಬ ವಿಭೂತಿ, ಸೊಂಟಕ್ಕೆ ಬಿಗಿದ ಸೆರಗು, ತುರುಬಿನಲ್ಲಿ ಹೂವಿನ ಬದಲು ಒಂದು ಟೆಸ್ಟರ್. ಏನಾದರೂ ಕೆಟ್ಟಿತೆಂದರೆ ಅವರ ಕೈ ಮೊದಲು ತುರುಬಿಗೇ ಹೋಗುತ್ತಿತ್ತು. ನನ್ನನ್ನು ಅವರು, ನಮ್ಮ ಕಡೆ ಹೆಂಗಸರನ್ನು ಮರ್ಯಾದೆಯಿಂದ ಕರೆಯುವ ಹಾಗೆ, 'ಬಾಯಿ' ಎನ್ನುತ್ತಿದ್ದರು.

ಟರ್ಬೈನ್ ತನ್ನನ್ನು ತಾನು ಕಾಪಾಡಿಕೊಳ್ಳಲು ಒಮ್ಮೊಮ್ಮೆ ತಟ್ಟನೆ ನಿಂತುಬಿಡುತ್ತದೆ. ಅದಕ್ಕೆ ಟ್ರಿಪ್ ಎನ್ನುತ್ತಾರೆ. ನಿಲ್ಲುವ ಮುಂಚಿನ ಕ್ಷಣಗಳಲ್ಲಿ ಯಾವುದು ಬಿಸಿಯಾಗಿತ್ತು, ಯಾವುದು ಅಲುಗಿತ್ತು ಎಂಬುದನ್ನೆಲ್ಲ ಕಂಟ್ರೋಲ್ ಪ್ಯಾನೆಲ್ ನೆನಪಿಟ್ಟುಕೊಂಡಿರುತ್ತದೆ. ಆದರೆ ಮಷಿನ್ ಮತ್ತೆ ಶುರುವಾಯಿತೋ, ಆ ನೆನಪು ಅಳಿಸಿಹೋಗುತ್ತದೆ. ಅಷ್ಟರಲ್ಲಿ ಪಕ್ಕದ ಕಂಪ್ಯೂಟರ್ ಅದನ್ನು ಕಾಪಿ ಮಾಡಿಕೊಳ್ಳಬೇಕು. "ಸಾಯೋ ಮನಷ್ಯಾನ ಕಡೀ ಮಾತಿದ್ದಂಗ, ಬಾಯಿ, ಅದು. ಕೇಳಿಸಿಕೊಳ್ಳೋರು ಬಾಜೂಕ ಇರಬೇಕು" ಎನ್ನುತ್ತಿದ್ದರು ಅಕ್ಕಾರು.

ಒಂದು ಅಮಾವಾಸ್ಯೆಯ ಮಧ್ಯಾಹ್ನ ಕೇಳಿಸಿಕೊಳ್ಳುವವರು ಇಲ್ಲದೆ ಹೋಯಿತು. ಟರ್ಬೈನ್ ನಿಂತಿತು, ಕಾರ್ಖಾನೆಯೆಲ್ಲ ಕತ್ತಲಾಯಿತು, ಮ್ಯಾನೇಜರ್ ಫೋನಿನಲ್ಲೇ ಕೂಗಾಡಿ ಮತ್ತೆ ಶುರು ಮಾಡಿಸಿದರು. ಆಮೇಲೆ ನೋಡಿದರೆ ಕಂಪ್ಯೂಟರಿನಲ್ಲಿ ಟ್ರಿಪ್ ಡೇಟಾ ಇಲ್ಲವೇ ಇಲ್ಲ. ಆಗ ಕಂಟ್ರೋಲ್ ಡೆಸ್ಕಿನಲ್ಲಿ ಇದ್ದವನು ಬಳಿಚಕ್ರ ಎಂಬ ಹಳ್ಳಿಯ ಒಬ್ಬ ಆಪರೇಟರ್. ಅವನ ಅಪ್ಪ ಅವ್ವ ಇನ್ನೂ ಮಂದಿಯ ಹೊಲಕ್ಕೆ ಕೂಲಿಗೆ ಹೋಗುತ್ತಿದ್ದರು. ಆ ಮನೆಯಲ್ಲಿ ತಿಂಗಳ ಪಗಾರ ತಂದ ಮೊದಲನೆಯವನು ಅವನೇ.

"ಎಮರ್ಜೆನ್ಸಿ ಬಟನ್‌ಗೆ ಮೊಳಕೈ ಬಡದಾನ. ಇಲ್ಲಂದ್ರ ಡೇಟಾ ತೋರಸ್ರಿ" ಎಂದರು ಮ್ಯಾನೇಜರ್. ಅವನನ್ನು ಸಸ್ಪೆಂಡ್ ಮಾಡಿ ಮನೆಗೆ ಕಳಿಸಿದರು. ಕ್ಯಾಂಟೀನಿನಲ್ಲಿ ಬೇರೆ ಮಾತು ಹುಟ್ಟಿತು. ಅವನ ಮನೆಯಲ್ಲಿ ಬುದ್ಧನ ಫೋಟೋ ಇತ್ತು. ಕಂಟ್ರೋಲ್ ರೂಮಿನ ಅಮಾವಾಸ್ಯೆ ಪೂಜೆಗೆ ಅವನು ಕೈ ಮುಗಿಯುತ್ತಿರಲಿಲ್ಲ, ಸುಮ್ಮನೆ ಒಂದು ಬದಿ ನಿಲ್ಲುತ್ತಿದ್ದ. "ಕೈ ಮುಗೀದವನ ಕೈಯಾಗ ಮಷಿನ್ ಕೊಟ್ರ ಮತ್ತೇನಾಗ್ತದ?" ಎಂದು ಒಬ್ಬ ಅಂದ. ನಾಲ್ಕು ಜನ ನಕ್ಕರು. ಅಕ್ಕಾರು ಚಹಾದ ಕಪ್ಪು ಕೆಳಗಿಟ್ಟರು.

"ದೇವರ ಸಿಟ್ಟು ಬಂದು ಡೇಟಾ ಅಳಿಸಿತೇನೋ? ಹಂಗಿದ್ರ ದೇವರಿಗಿ ಕಂಪ್ಯೂಟರ್ ಬರ್ತದಂದಂಗಾತು. ನಿನಗ ಬರ್ತದೇನು?"

ಅಂದಿನಿಂದ ಶುರುವಾಯಿತು ಅವರ ಹಟ. ಕೇಬಲ್ ಬದಲಿಸಿ ನೋಡಿದರು, ಸರಿಯಿತ್ತು. ಡಿಸ್ಕ್ ಪರೀಕ್ಷಿಸಿದರು, ಸರಿಯಿತ್ತು. ಒಂದು ವಾರಪೂರ್ತಿ ಆ ಕಂಪ್ಯೂಟರಿನ ಎದುರು ಸ್ಟೂಲ್ ಹಾಕಿಕೊಂಡು ಕೂತರು. ಅದೂ ಕಾನ್ವೆಂಟಿನ ಹುಡುಗಿಯ ಹಾಗೆ ತಪ್ಪಿಲ್ಲದೆ ನಡೆದುಕೊಂಡಿತು. ಹಿಂದೆಯೂ ಎರಡು ಬಾರಿ ಹೀಗೆ ಡೇಟಾ ಕಳೆದಿತ್ತು ಎಂದು ಅವರೇ ನೆನಪಿಸಿಕೊಂಡರು. ಎರಡೂ ಅಮಾವಾಸ್ಯೆಯಂದೇ. "ಇದಷ್ಟ ಮಂದೀಗಿ ಹೇಳಬ್ಯಾಡ್ರಿ ಬಾಯಿ, ಮತ್ತಿಷ್ಟು ಕುಣೀತಾರ" ಎಂದರು.

ಮುಂದಿನ ಅಮಾವಾಸ್ಯೆ ಬಂತು. ಕಂಪ್ಯೂಟರ್ ಇದ್ದ ಉಕ್ಕಿನ ಕ್ಯಾಬಿನೆಟ್ಟಿನ ಮೇಲೆಯೇ ದೇವರ ಪಟ. ಪೂಜೆ ಮಾಡುವವರು ಯಾವಾಗಲೂ ಅಕ್ಕಾರೇ. ಆ ಪದ್ಧತಿ ಹಾಕಿದವರೂ ಅವರೇ. ಎಲ್ಲರೂ ಸೇರಿದೆವು. ಬಲಗೈಯಲ್ಲಿ ಆರತಿ ಹಿಡಿದು, ಪ್ರತಿ ಸಲದ ಹಾಗೆ, ದೀಪ ಆರದಿರಲೆಂದು ಎಡಗೈಯನ್ನು ಕ್ಯಾಬಿನೆಟ್ಟಿನ ಫ್ಯಾನ್ ಸ್ವಿಚ್ಚಿಗೆ ಚಾಚಿದರು. ಆ ಕೈ ಅಲ್ಲೇ ನಿಂತುಬಿಟ್ಟಿತು.

ಫ್ಯಾನಿನ ಗಾಳಿಗೆ ದೀಪ ಆರಿತು. ಯಾರೋ "ಅಯ್ಯೋ" ಎಂದರು. ಮ್ಯಾನೇಜರ್ "ಏನ್ರೀ ಇದು ಅಪಶಕುನ!" ಎಂದರು. ಅಕ್ಕಾರಿಗೆ ಯಾವುದೂ ಕೇಳಿಸಿದ ಹಾಗೆ ಕಾಣಲಿಲ್ಲ. ತಮ್ಮ ಎಡಗೈಯನ್ನೇ ನೋಡುತ್ತಿದ್ದರು... ಆ ಮುಖ ನಾನು ಮರೆತಿಲ್ಲ. ಆಮೇಲೆ ಆರತಿ ತಟ್ಟೆ ನನ್ನ ಕೈಗೆ ಕೊಟ್ಟು, ಬೇಕೆಂದೇ ಫ್ಯಾನ್ ಆರಿಸಿದರು. "ಯಾರೂ ಮುಟ್ಟಬ್ಯಾಡ್ರಿ" ಎಂದು ಸ್ಟೂಲ್ ಎಳೆದುಕೊಂಡು ಕೂತರು.

ನಮ್ಮ ಕಡೆಯ ಬಿಸಿಲು ನಿಮಗೆ ಗೊತ್ತೇ ಇದೆ. ಊಟದ ಹೊತ್ತಿಗೆ ಕ್ಯಾಬಿನೆಟ್ಟಿನ ಬಾಗಿಲು ಮುಟ್ಟಲಾಗದಷ್ಟು ಕಾದಿತ್ತು. ಪರದೆಯ ಮೇಲೆ ಅಂಕಿಗಳಿದ್ದವು, ಆದರೆ ಒಂದೂ ಅಲುಗುತ್ತಿರಲಿಲ್ಲ. ಗಡಿಯಾರವೂ ನಿಂತಿತ್ತು. ನೋಡುವವರಿಗೆ ಜೀವಂತ, ಒಳಗೆ ಪ್ರಜ್ಞೆಯಿಲ್ಲ. ಪ್ರಸಾದ ಹಂಚುವ ಗದ್ದಲದಲ್ಲಿ ನಾವು ಪ್ರತಿ ಅಮಾವಾಸ್ಯೆ ಆ ಫ್ಯಾನನ್ನು ಮರೆಯುತ್ತಿದ್ದೆವು. ಸಂಜೆ ಪಾಳಿಯವರು ಬಂದು ಕ್ಯಾಬಿನೆಟ್ ಕಾದಿದೆಯೆಂದು ಹಚ್ಚುತ್ತಿದ್ದರು; ತಣ್ಣಗಾದ ಕಂಪ್ಯೂಟರ್ ಏನೂ ಆಗದ ಹಾಗೆ ಮತ್ತೆ ನಡೆಯುತ್ತಿತ್ತು.

"ನಂದೇ ಕೈ, ಬಾಯಿ" ಎಂದರು ಅಕ್ಕಾರು. ಅಷ್ಟೇ.

ಮ್ಯಾನೇಜರ್ ಒಪ್ಪಲಿಲ್ಲ. ಡೇಟಾ ಯಾಕೆ ಇಲ್ಲ ಎಂಬುದು ತಿಳಿಯಿತು, ಸರಿ. ಅವನ ಮೊಳಕೈ ತಾಗಲಿಲ್ಲ ಎನ್ನಲು ಆಧಾರವೇನು? ಕಳೆದ ಡೇಟಾ ಮರಳಿ ಬರುವಂತಿರಲಿಲ್ಲ. ಇನ್ನೊಂದು ಟ್ರಿಪ್ ಆಗಲಿ ಎಂದು ಕಾಯುವುದಷ್ಟೇ ಉಳಿದಿತ್ತು. ಮಷಿನ್ ನಿಲ್ಲಲಿ ಎಂದು ಬಯಸಿದ ಇಂಜಿನಿಯರನ್ನು ನಾನು ಬೇರೆಲ್ಲೂ ಕಂಡಿಲ್ಲ. ಕಡೆಗೊಂದು ಬೆಳಿಗ್ಗೆ ನಿಂತಿತು. ಆ ಆಪರೇಟರ್ ಆಗ ಬಳಿಚಕ್ರದ ತನ್ನ ಮನೆಯಲ್ಲಿದ್ದ. "ಜಲ್ದಿ ಸ್ಟಾರ್ಟ್ ಮಾಡ್ರಿ!" ಎಂದು ಮ್ಯಾನೇಜರ್ ಓಡಿಬಂದರೆ, ಅಕ್ಕಾರು ಪ್ಯಾನೆಲ್ಲಿಗೆ ಬೆನ್ನು ಕೊಟ್ಟು ನಿಂತಿದ್ದರು.

"ಕಾಪಿ ಆಗೋತನಕ ಯಾರೂ ಕೈ ಹಚ್ಚಂಗಿಲ್ರಿ, ಸಾಹೇಬ್ರ."

"ಯಾರ ಮುಂದ ಮಾತಾಡಾಕತ್ತೀರಿ ಗೊತ್ತದ ಏನು?"

"ಗೊತ್ತದ್ರಿ. ನಿಮಗ ಕರೆಂಟ್ ಬೇಕು, ನನಗ ಖರೇ ಸಂಗತಿ ಬೇಕು. ನಂದು ಮೊದಲ ಆಗಲಿ."

ಡೇಟಾ ಬಂತು. ಬೇರಿಂಗಿನ ಒಂದು ಸೆನ್ಸರ್ ಮಾತ್ರ, ಮಷಿನ್ ಭೂಕಂಪದಂತೆ ನಡುಗುತ್ತಿದೆ ಎಂದು ಕೂಗಿತ್ತು; ಅದರ ಪಕ್ಕದವೆಲ್ಲ ಶಾಂತ. ಅಕ್ಕಾರು ತುರುಬಿನಿಂದ ಟೆಸ್ಟರ್ ಎಳೆದುಕೊಂಡು ಹೋಗಿ ನೋಡಿದರು. ಸೆನ್ಸರಿನ ವಾಯರ್ ಸಡಿಲವಾಗಿತ್ತು, ಹಳೆಯ ಸಡಿಲು. ಸುತ್ತ ಧೂಳು ಕೂತು ಗಟ್ಟಿಯಾಗಿತ್ತು. ಈ ಸಲ ಸುಳ್ಳು ಕೂಗಿದ ವಾಯರ್ ಹಿಂದಿನ ಸಲವೂ ಕೂಗಿರಬಹುದೆಂಬುದನ್ನು ಮ್ಯಾನೇಜರ್ ಕೂಡ ಅಲ್ಲಗಳೆಯಲಾರದಾದರು.

ರಿಪೋರ್ಟ್ ನಾನೇ ಟೈಪ್ ಮಾಡಿದೆ. ಫ್ಯಾನ್ ವಿಷಯ ಅಷ್ಟು ಬೇಕೇ ಎಂದು ಕೇಳಿದೆ. "ಬೇಕು. ಅವನ ಮ್ಯಾಲಿನ ಮಾತು ಪೂರಾ ಹೋಗಬೇಕಂದ್ರ ಅದು ಯಾರ ಮ್ಯಾಲ ಬರಬೇಕೋ ಅವರ ಮ್ಯಾಲ ಬರಲಿ" ಎಂದು ತಮ್ಮ ಹೆಸರು ಬರೆಸಿದರು. ಆಪರೇಟರ್ ಕೆಲಸಕ್ಕೆ ಮರಳಿದ. ಅಕ್ಕಾರನ್ನು ಕಂಟ್ರೋಲ್ ರೂಮಿನಿಂದ ಸ್ಟೋರಿಗೆ ಹಾಕಿದರು. ನಟ್ಟು ಬೋಲ್ಟು ಕಾಯುವ ಕೆಲಸ.

ಸ್ಟೋರಿಗೆ ಹೋಗುವ ಮುನ್ನ ಒಂದು ಅಮಾವಾಸ್ಯೆ ಸಿಕ್ಕಿತು. ಫ್ಯಾನ್ ತಿರುಗುತ್ತಲೇ ಇತ್ತು. ಅಕ್ಕಾರು ದೀಪ ಹಚ್ಚಿದರು, ಒಂದೇ ಕೈಯಿಂದ ಅದನ್ನು ಮರೆ ಮಾಡಲು ಒದ್ದಾಡಿದರು. ಬದಿಯಲ್ಲಿ ನಿಂತಿದ್ದ ಬಳಿಚಕ್ರದ ಆಪರೇಟರ್ ಮುಂದೆ ಬಂದ. ಆಗಲೂ ಅವನು ಕೈ ಮುಗಿಯಲಿಲ್ಲ. ಎರಡೂ ಅಂಗೈ ಬಾಗಿಸಿ ದೀಪದ ಸುತ್ತ ಗೋಡೆಯಂತೆ ಹಿಡಿದ.

"ಸುಟ್ಟೀತೋ" ಎಂದರು ಅಕ್ಕಾರು.

"ಇರಲ್ರಿ ಅಕ್ಕಾರ, ನೀವು ಮುಗಸ್ರಿ" ಎಂದ.

ಅಕ್ಕಾರು ತೀರಿಕೊಂಡ ಸುದ್ದಿ ನನಗೆ ತಲುಪಿದಾಗ ಸುರಪುರದಲ್ಲಿ ಅವರ ಮಣ್ಣು ಆಗಿ ತಿಂಗಳೇ ಕಳೆದಿತ್ತು. ಹೋಗಿ ಏನು ಮಾಡುವುದಿತ್ತು... ಹೋಗಬೇಕಿತ್ತು.

ಜೆರಾಕ್ಸ್ ಅಂಗಡಿಯವನು ಇನ್ನೂ ಕಾಯುತ್ತಿದ್ದ. "ಫ್ಯಾನ್ ಇದ್ರ ಆರತದ್ರಿ ಅಮ್ಮಾರ" ಎಂದ, ಮಕ್ಕಳಿಗೆ ಹೇಳುವ ಹಾಗೆ.

"ನೀ ಹಚ್ಚಪ್ಪ, ನಾ ಹಿಡೀತೀನಿ" ಎಂದೆ.

ಕೌಂಟರಿನ ಮೇಲೆ ಬಾಗಿ ಎರಡೂ ಅಂಗೈ ಒಡ್ಡಿದೆ. ವಯಸ್ಸಾದ ಬೆರಳು, ಪೂರ್ತಿ ಕೂಡುವುದಿಲ್ಲ. ಸಂದಿನಿಂದ ಗಾಳಿ ನುಗ್ಗಿ ಉರಿ ಮಲಗಿತು, ಮತ್ತೆ ಎದ್ದಿತು. ಅವನು ಮಂಗಳಾರತಿ ಮುಗಿಸುವವರೆಗೂ ನಾನು ಕೈ ತೆಗೆಯಲಿಲ್ಲ.