ಹೆಡ್ ಕ್ಲರ್ಕ್ ಜಾಲಾಡಿದ ಜಂಕ್

ಕಚೇರಿಯ ವಾರ್ಷಿಕ ಸಮಾರಂಭದಲ್ಲಿ ಮಾತಾಡಲು ಗೋದಾಮಿನ ಸ್ಟೋರ್ ಕೀಪರ್‌ಗೆ ಆಹ್ವಾನದ ಇಮೇಲ್ ಬಂದಿದೆ ಎಂದು ತಿಳಿದಾಗಿನಿಂದ ಹೆಡ್ ಕ್ಲರ್ಕರ ಹೊಟ್ಟೆ ಉರಿಯುತ್ತಿತ್ತು. ತಮ್ಮ ಆಹ್ವಾನ ಬೇಡದ ಇಮೇಲ್‌ಗಳು ಸೇರುವ ಜಂಕ್ ಫೋಲ್ಡರ್‌ಗೆ ಬಿದ್ದಿರಬೇಕೆಂದು ಅದನ್ನೇ ಜಾಲಾಡಿದರು. ಕೂದಲೆಣ್ಣೆ, ಲಾಟರಿ, ಸೊಂಟದ ಪಟ್ಟಿ. ಅಳಿಸಿ ಊಟ ಮುಗಿಸುವಷ್ಟರಲ್ಲಿ ಮತ್ತೆ ನಲವತ್ತು. ಬೇಸತ್ತು ಅವನ್ನು ನೋಡದೆಯೇ ಬಿಟ್ಟರು.

“ಎಣ್ಣೆಯವರಾದ್ರೂ ಕರೀತಾರಲ್ಲ ಬಿಡಿ,” ಎಂದಳು ಹೆಂಡತಿ.

ಸಮಾರಂಭದ ಮರುದಿನ ಜಂಕ್‌ನಲ್ಲೇ, ನೋಡದೆ ಬಿಟ್ಟ ಆ ನಲವತ್ತರ ನಡುವೆ, ಸ್ಟೋರ್ ಕೀಪರ್‌ನ ಪತ್ರ ಸಿಕ್ಕಿತು: “ಅಣ್ಣಾ, ಮೈಕ್ ಅಂದ್ರೆ ನಂಗೆ ಕೈಕಾಲು ನಡುಗುತ್ತೆ. ನನ್ನ ಬದಲು ನೀವೇ ಮಾತಾಡಿ, ಸಾಹೇಬ್ರೂ ಒಪ್ಪಿದಾರೆ. ನಿಮ್ಮ ಉತ್ತರ ಬರದಿದ್ರೆ ನಾನೇ ಹೇಗೋ ಒದ್ದಾಡ್ತೀನಿ.”

ಹೋದ ವರ್ಷ ಅವನು ಬಡ್ತಿಯ ಖುಷಿಯಲ್ಲಿ ಎಲ್ಲರಿಗೂ ಕಳಿಸಿದ ಇಮೇಲನ್ನು ಹೊಟ್ಟೆಕಿಚ್ಚಿಗೆ ಜಂಕ್ ಎಂದು ಒತ್ತಿದ್ದವರು ಇವರೇ; ಅಂದಿನಿಂದ ಅವನ ಪತ್ರಗಳೆಲ್ಲ ಅಲ್ಲಿಗೇ ಬೀಳುತ್ತಿದ್ದವು. ಈಗ ಆ ತಪ್ಪಿಗಿಂತ ಹೆಚ್ಚು ಹೊಟ್ಟೆ ಉರಿಸಿದ್ದು, ಆ ಒದ್ದಾಟಕ್ಕೂ ಸಭೆ ಚಪ್ಪಾಳೆ ತಟ್ಟಿತ್ತಲ್ಲ ಎಂಬುದು.