ಬಕಾಯೆ ಬೈಯದ ಬೆಳಿಗ್ಗೆ

ಮೋಪ್ತಿ ಪಟ್ಟಣದ ನದಿ ಬಂದರಿನ ಮೆಟ್ಟಿಲುಗಳ ಬಳಿ, ಕುಟ್ಟಿ ಒಣಗಿಸಿದ ಈರುಳ್ಳಿಯ ಉಂಡೆ ಮಾರುತ್ತಿದ್ದ ಯಾಯ್ಗೆಯನ್ನು ನಾನು ಮೊದಲು ಕಂಡದ್ದು ಬಂದೂಕಿನವರು ಅವಳ ಊರು ಸುಟ್ಟ ವರ್ಷ. ಬಂಡೆಗಳ ಸೀಮೆಯ ದೋಗೋನ್ ಕುಲದವರ ಹಳ್ಳಿಯಿಂದ ತಲೆಯ ಮೇಲೆ ಮರದ ಒರಳು ಹೊತ್ತು ನಡೆದು ಬಂದಿದ್ದಳು.

"ಬಟ್ಟೆಬರೆ ಬಿಟ್ಟು ಒರಳು ಯಾಕಮ್ಮ ತಂದೆ?" ಎಂದು ಕೇಳಿದೆ.

"ಬಟ್ಟೆಯಲ್ಲಿ ಈರುಳ್ಳಿ ಕುಟ್ಟೋಕಾಗುತ್ತಾ ಮೇಷ್ಟ್ರೇ?"

ಆ ಹೊತ್ತಿಗೆ ಪ್ರವಾಸಿಗರು ಬರುವುದು ನಿಂತಿತ್ತು. ಅವರನ್ನು ಸುತ್ತಾಡಿಸುತ್ತಿದ್ದ ದೋಣಿಗಳು ಓಡಿಬಂದವರ ಚಾಪೆ, ಆಡು, ಕೋಳಿಗಳನ್ನು ಹೊರುತ್ತಿದ್ದವು. ಅಂಥದೊಂದು ದೋಣಿ ಬಕಾಯೆಯದು. ಅವನು ಬೋಜೋ, ಮೀನುಗಾರರ ಕುಲದವನು. ಬೋಜೋಗಳೂ ದೋಗೋನರೂ ಒಬ್ಬರ ರಕ್ತವನ್ನು ಇನ್ನೊಬ್ಬರು ಚೆಲ್ಲುವಂತಿಲ್ಲ. ಕಂಡಲ್ಲಿ ಬೈಯಬೇಕು, ಬೈಸಿಕೊಂಡವರು ಸಿಟ್ಟಾಗಬಾರದು. ಅಜ್ಜಂದಿರು ಹಾಕಿಟ್ಟ ಕಟ್ಟಳೆ ಅದು.

"ಏನೇ ಅಲಸಂದೆ ಹೊಟ್ಟೆ, ಇನ್ನೂ ಸತ್ತಿಲ್ವಾ?" ಎಂದು ಅವನು ದಿನವೂ ದೋಣಿಯಿಂದಲೇ ಕೂಗುವನು.

"ನಿನ್ನ ಮೀನಿನ ನಾತಕ್ಕೆ ಸಾವೂ ಈ ಕಡೆ ಸುಳಿಯಲ್ಲ ಕಣೋ."

ಆರು ವರ್ಷ ಹೀಗೆಯೇ ನಡೆಯಿತು. ಅವಳಿಗೆ ಉಳಿದಿದ್ದವನು, ಸುಟ್ಟ ಊರಿಗೆ ಮರಳಿ ಈರುಳ್ಳಿ ಬೆಳೆಯುತ್ತಿದ್ದ ತಮ್ಮ ಆಂದಾ ಒಬ್ಬನೇ. ಈರುಳ್ಳಿ ಹೇರಿದ ಲಾರಿಯಲ್ಲಿ ಅವನು ಮಂಗಳವಾರ ಬರಬೇಕಿತ್ತು, ಬರಲಿಲ್ಲ. ಬುಧವಾರವೂ ಬರಲಿಲ್ಲ. ಗುರುವಾರ, ಸಂತೆಯ ಬೆಳಿಗ್ಗೆ, ಬಕಾಯೆ ಅವಳ ಮುಂದೆ ನಿಂತು ಮೆಲ್ಲಗೆ ಹೇಳಿದ:

"ನಮಸ್ಕಾರ ಅಮ್ಮ. ಚೆನ್ನಾಗಿದ್ದೀರಾ?"

ಯಾಯ್ಗೆ ಕೈಯಲ್ಲಿದ್ದ ಉಂಡೆ ಕೆಳಗಿಟ್ಟು ಬೈಗುಳಕ್ಕಾಗಿ ಕಾದಳು; ಅವನು ದೋಣಿಗೆ ಮರಳಿದ.

ಆಮೇಲೆ ಅವಳಿಗೆ ಕೂತಲ್ಲಿ ಕೂರಲಾಗಲಿಲ್ಲ. ಉಂಡೆಗಳನ್ನು ಜೋಡಿಸಿದಳು, ಕೆಡವಿದಳು. ರಸ್ತೆಯ ಏರಿಯವರೆಗೆ ಹೋಗಿ ಲಾರಿಯವರನ್ನು ಕೇಳಿದಳು; ಎಲ್ಲರೂ ಬೇರೆಡೆ ನೋಡಿದರು. ಹಿಂದಿರುಗಿ ಬಂದು ಒರಳಿನಲ್ಲಿ ಏನೂ ಹಾಕದೆಯೇ ಕುಟ್ಟಿದಳು.

ನನಗೆ ವಿಷಯ ಗೊತ್ತಿತ್ತು. ಕೆಟ್ಟ ಸುದ್ದಿಯನ್ನು ಬೈಗುಳದ ನಂಟನು ಹೇಳಬಾರದು, ಹಿರಿಯರು ಹೇಳಬೇಕು ಎಂದು ಬಕಾಯೆ ಮುಂಜಾನೆಯೇ ನನಗೆ ಒಪ್ಪಿಸಿ ಹೋಗಿದ್ದ. ಅವಳು ಎರಡು ತುತ್ತು ಉಣ್ಣಲಿ ಎಂದು ನಾನು ತಡಮಾಡಿದೆ. ಅದು ನನ್ನ ತಪ್ಪು.

ಅವಳು ನೇರವಾಗಿ ನೀರಿಗಿಳಿದು ಬಕಾಯೆಯ ದೋಣಿಯ ಅಂಚು ಹಿಡಿದಳು.

"ಬೈಯೋ ನನ್ನ."

ಬಕಾಯೆ ದೋಣಿಯ ಹಗ್ಗವನ್ನು ಗೂಟಕ್ಕೆ ಬಿಗಿದ.

"ಆಂದಾ ಸತ್ನಾ?"

"ಇಲ್ಲ. ದಾರೀಲಿ ಹೂತಿಟ್ಟ ಬಾಂಬು ಸಿಡೀತು. ಪಕ್ಕದ ಸೆವಾರೆಯ ಆಸ್ಪತ್ರೇಲಿದ್ದಾನೆ. ಎಡಗಾಲು ಹೋಯ್ತು."

"ಸುಳ್ಳು. ಬದುಕಿದ್ರೆ ನೀನು ನನಗೆ ಕೈ ಮುಗೀತಿರಲಿಲ್ಲ."

"ನಿನ್ನೆ ನಾನೇ ಹೋಗಿ ನೋಡಿ ಬಂದೆ."

"ನಿನ್ನ ನೋಡಿ ಏನಂದ?"

"ನಾತ ಹೊಡೀತಿದೆ, ಬಾಗಿಲ ಹತ್ರ ಕೂತ್ಕೋ ಅಂದ."

ಯಾಯ್ಗೆ ಮೊಣಕಾಲುದ್ದದ ನೀರಿನಲ್ಲಿಯೇ ಕೂತು, ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. ಅತ್ತಳೋ ನಕ್ಕಳೋ ನನಗೆ ತಿಳಿಯಲಿಲ್ಲ. ಎದ್ದು ದಡಕ್ಕೆ ಬಂದು ಒರಳನ್ನು ನನ್ನ ಕಡೆಗೆ ಉರುಳಿಸಿ, "ನೋಡ್ಕೊಳ್ಳಿ ಮೇಷ್ಟ್ರೇ" ಎಂದಳು.

"ನಡಿಯೇ ಅಲಸಂದೆ ಹೊಟ್ಟೆ, ಹೊತ್ತಾಯ್ತು," ಎಂದ ಬಕಾಯೆ, ಅವಳಿಗಿಂತ ಮುಂದಾಗಿ ಸೆವಾರೆಯ ರಸ್ತೆಯತ್ತ ಹೆಜ್ಜೆ ಹಾಕುತ್ತ.