ಕೊರಿಯಾದ ಅಜ್ಜಿಯ ಕತೆ ತಿದ್ದಿದ ಕಾಪುವಿನ ಇದ್ರೀಸ್

ಕಾಪು ಪೇಟೆಗೆ ಇನ್ನೂ ಪೂರ್ತಿ ಬೆಳಕಾಗಿಲ್ಲ. ಬೆಳಗಿನ ನಮಾಝ್ ಮುಗಿಸಿ ಬಂದ ಇದ್ರೀಸ್ ತಮ್ಮ ಝೆರಾಕ್ಸ್ ಅಂಗಡಿಯ ಶಟರನ್ನು ಅರ್ಧ ಮಾತ್ರ ಎತ್ತಿ ಒಳಗೆ ನುಸುಳುತ್ತಾರೆ. ಪೂರ್ತಿ ಎತ್ತಿದರೆ ಆಧಾರ್ ಕಾರ್ಡ್ ಹಿಡಿದವರು ಬಂದುಬಿಡುತ್ತಾರಂತೆ. ಕಂಪ್ಯೂಟರಿನಲ್ಲಿ ಕೊರಿಯಾದ ಅಜ್ಜಿಯೊಬ್ಬರು ಮಾತಾಡುತ್ತಾರೆ. ಇವರು ಹೆಡ್‌ಫೋನ್ ಹಾಕಿಕೊಂಡು ಎರಡೇ ಬೆರಳಲ್ಲಿ ಕನ್ನಡ ಟೈಪ್ ಮಾಡುತ್ತಾರೆ.

ಸಿನಿಮಾದ ಕೆಳಗೆ ಓಡುವ ಸಬ್‌ಟೈಟಲ್ ಬರೆಯುವವರು ಯಾರೆಂದು ನಾನಂತೂ ಯಾವತ್ತೂ ಯೋಚಿಸಿದವನಲ್ಲ. ಐವತ್ತೆರಡರ ಇದ್ರೀಸ್ ಹದಿನಾಲ್ಕು ವರ್ಷ ಸೌದಿಯಲ್ಲಿ ಕೊರಿಯನ್ನರ ಕಂಪನಿಯೊಂದರ ಸ್ಟೋರ್ ನೋಡಿಕೊಂಡವರು. "ಬೋಲ್ಟ್ ಕೇಳಿದರೆ ನಟ್ ಕೊಟ್ಟು, ಬೈಸಿಕೊಂಡು ಕಲಿತ ಭಾಷೆ ಇದು. ಶಾಲೆ ಎಂತದ್ದೂ ಇಲ್ಲ" ಎಂದು ನಗುತ್ತಾರೆ. ಈಗ ಮಣಿಪಾಲದ ಸಿನಿಮಾ ಬಳಗಕ್ಕೆ ದಿನಕ್ಕೆ ನಲವತ್ತು ಸಾಲು ಬರೆಯುತ್ತಾರೆ. ಒಂದು ಚಿತ್ರಕ್ಕೆ ಸಾವಿರ ಸಾಲು ದಾಟುತ್ತದೆ. ಒಂದೊಂದು ಪರದೆಯಲ್ಲಿ ನಿಲ್ಲುವುದು ಎರಡು ಮೂರು ಸೆಕೆಂಡು.

ಕೈಯಲ್ಲಿರುವ ಚಿತ್ರ ಬಲು ವಿಚಿತ್ರ. ಖಾಲಿ ಕೋಣೆ, ಕುರ್ಚಿಯಲ್ಲಿ ಅಜ್ಜಿ, ಎದುರಿಗೆ ಕ್ಯಾಮೆರಾ, ಮೈಕು, ನಿರ್ದೇಶಕ. ಗಂಡ ಕಾಣೆಯಾದ ಕತೆಯನ್ನು ಅಜ್ಜಿ ಮೂರು ಸಲ ಹೇಳುತ್ತಾರೆ. ಮೊದಲ ಸಲ ಆತ ದೋಣಿಯಲ್ಲಿ ಹೋದ. ಎರಡನೇ ಸಲ ಬಸ್ಸಿನಲ್ಲಿ. ಮೂರನೇ ಸಲ, ಆತ ಹೋಗಲೇ ಇಲ್ಲ.

ಇದ್ರೀಸ್ ಮೂರಕ್ಕೂ ದೋಣಿ ಎಂದೇ ಬರೆದುಬಿಟ್ಟಿದ್ದರು!

"ಅಜ್ಜಿಗೆ ಪ್ರಾಯವಾಯಿತು, ಮರೆತುಹೋಗಿದೆ ಅಂತ ಗ್ರಹಿಸಿದೆ" ಎನ್ನುತ್ತಾರೆ. "ನಮ್ಮ ಉಮ್ಮನೂ ಹಾಗೆಯೇ. ಅಪ್ಪ ಬೊಂಬಾಯಿಯಿಂದ ರೇಡಿಯೋ ತಂದರು ಅಂತ ಒಂದು ದಿನ, ಗಡಿಯಾರ ಅಂತ ಇನ್ನೊಂದು ದಿನ. ಹಿರಿಯರು ತಪ್ಪಿದರೆ ನಾಲ್ಕು ಜನರ ಎದುರು ಹೇಳುವುದುಂಟಾ? ಮುಂದೆ ನಾವು ಹೇಳುವಾಗ ಸರಿ ಮಾಡಿ ಹೇಳುವುದು. ಮರ್ಯಾದೆ ಅಲ್ವಾ?"

ಬಳಗ ಕಾರ್ಕಳದಲ್ಲಿ ನಡೆಸಿದ ಮೊದಲ ಪ್ರದರ್ಶನದಲ್ಲಿ ಜನ ಅರ್ಧಕ್ಕೇ ಎದ್ದುಹೋದರು. ಒಂದೇ ಕತೆಯನ್ನು ಮೂರು ಸಲ ಯಾಕೆ ನೋಡಬೇಕು ಎಂಬುದು ಅವರ ಪ್ರಶ್ನೆ, ನ್ಯಾಯವೇ. "ಕೊನೆಗೆ ನಿರ್ದೇಶಕ 'ಯಾವುದು ನಿಜ?' ಎಂದು ಕೇಳುತ್ತಾನೆ. ನಾನು ಬರೆದದ್ದರಲ್ಲಿ ಕೇಳಲಿಕ್ಕೆ ಎಂತ ಉಂಟು ಮಾರಾಯ್ರೆ?" ಎಂದು ಇದ್ರೀಸ್ ಹಣೆ ಚಚ್ಚಿಕೊಳ್ಳುತ್ತಾರೆ. ಬಳಗ ನಡೆಸುವ ಸಿಂಥಿಯಾ ಬೈಯಲಿಲ್ಲ. ಭಾನುವಾರ ಮಣಿಪಾಲದಲ್ಲೂ ಜನ ಎದ್ದುಹೋದರೆ ಇನ್ನು ಇಂಗ್ಲಿಷ್ ಸಾಲುಗಳೇ ಇರಲಿ ಎಂದು ಸದಸ್ಯರು ಹೇಳುತ್ತಿದ್ದಾರೆ ಎಂದಷ್ಟೇ ತಿಳಿಸಿದರು. ಹಾಗಾದರೆ ಈ ಅರ್ಧ ಶಟರಿನ ಕೆಲಸಕ್ಕೇ ಬಾಗಿಲು ಬಿದ್ದಂತೆ. ಕೇಳಿ ನನಗೂ ಕಸಿವಿಸಿಯಾಗುತ್ತದೆ.

ಅದಕ್ಕೇ ವಾರದಿಂದ ತಿದ್ದಿದ್ದನ್ನೆಲ್ಲ ಮರಳಿ ಕೆಡಿಸುವ ಕೆಲಸ ನಡೆದಿದೆ. ಇಂದು ಉಳಿದಿರುವುದು ಒಂದೇ ಸಾಲು. ಅದನ್ನು ಮೂರು ಸಲ ಕೇಳಿ, ನಿಧಾನಕ್ಕೆ ಒತ್ತಿ, ಪರದೆಯನ್ನು ನನ್ನತ್ತ ತಿರುಗಿಸುತ್ತಾರೆ: 'ಅವನು ಹೋಗಲೇ ಇಲ್ಲ. ಮನೆ ಬಿಟ್ಟವಳು ನಾನು.'



"ಇದನ್ನು ನಾನು ಅಳಿಸಿದ್ದೆ ನೋಡಿ" ಎನ್ನುತ್ತಾರೆ ಇದ್ರೀಸ್. ಪರದೆಯಲ್ಲಿ ಹೆಸರು ಬರಬೇಕೆಂಬ ಆಸೆ ಅವರಿಗಿಲ್ಲ. ಭಾನುವಾರ ತಾಯಿ ನಬೀಸಾ ಅವರನ್ನು ಕರೆದುಕೊಂಡು ಹೋಗಬೇಕು, ಅಷ್ಟೆ. ತಾಯಿಗೆ ಕನ್ನಡ ಓದಲು ಬಾರದು. ಮಗನೇ ಪಕ್ಕದಲ್ಲಿ ಕುಳಿತು ಮನೆಮಾತಾದ ಬ್ಯಾರಿಯಲ್ಲಿ ಹೇಳುತ್ತಾರಂತೆ.

"ಮನೆಗೆ ಬಂದು ಉಮ್ಮ ಈ ಕತೆಯನ್ನು ನೆರೆಮನೆಯವರಿಗೆ ಹೇಳುತ್ತಾರೆ. ದೋಣಿ ಹೋಗಿ ವಿಮಾನವೂ ಆದೀತು" ಎನ್ನುತ್ತ ಇದ್ರೀಸ್ ಶಟರನ್ನು ಪೂರ್ತಿ ಎತ್ತುತ್ತಾರೆ. "ಈ ಸಲ ನಾನು ಬಾಯಿ ಹಾಕುವುದಿಲ್ಲ."